ಚಾಮುಂಡಿ ಬೆಟ್ಟ ಹತ್ತಿದರೆ ಸಿವಿಟಿ ಆಯಿಲ್ 111 ಡಿಗ್ರಿ: ಕೂಲರ್ ಹಾಕಿಸಬೇಕಾ, ಆಯಿಲ್ ಬದಲಿಸಿದರೆ ಸಾಕಾ?

ಮಂಡ್ಯ_ಹ್ಯಾಚ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ಗಾಡಿ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಉಕ್ಕಿನ ಬೆಲ್ಟ್ ಇರುವ ಸಿವಿಟಿ, ಅಂದರೆ ಗೇರ್ ಹಂತಗಳಿಲ್ಲದೆ ಎರಡು ಪುಲ್ಲಿಗಳ ನಡುವಿನ ಬೆಲ್ಟಿನಿಂದ ಓಡುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇದೆ. 58,000 ಕಿ.ಮೀ. ಓಡಿದೆ, ಗೇರ್‌ಬಾಕ್ಸ್ ಆಯಿಲ್ ಒಂದು ಸಲವೂ ಬದಲಾಗಿಲ್ಲ.

ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರ್ ಓದುವ ಕಿಂಡಿ) ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಫೋನಲ್ಲಿ ನೋಡಿದ ರೀಡಿಂಗ್ ಹೀಗಿವೆ. ಮಂಡ್ಯ–ಮೈಸೂರು ಹೈವೇಯಲ್ಲಿ 95ರ ವೇಗಕ್ಕೆ ಆಯಿಲ್ 82ರಿಂದ 86 ಡಿಗ್ರಿ. ಸಂಜೆ ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆ ಸುತ್ತಮುತ್ತ ಎ.ಸಿ. ಹಾಕಿಕೊಂಡು 94–96. ಚಾಮುಂಡಿ ಬೆಟ್ಟಕ್ಕೆ ನಾಲ್ಕು ಜನ, ಎ.ಸಿ. ಆನ್, ಮುಂದೆ ಬಸ್ಸು: ಮೇಲೆ ಮುಟ್ಟುವ ಹೊತ್ತಿಗೆ 111. ಆಗ ಎಂಜಿನ್ ಕೂಲಂಟ್ 98. ಇಳಿಯುವಾಗ ಹತ್ತು ನಿಮಿಷದಲ್ಲಿ 90ಕ್ಕೆ ಬಂತು. ಡ್ಯಾಶ್‌ಬೋರ್ಡಲ್ಲಿ ಲೈಟ್ ಇಲ್ಲ, ದೋಷ ತೋರಿಸುವ ಕೋಡೂ ಇಲ್ಲ. 25–40ರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಮಾತ್ರ ಒಮ್ಮೊಮ್ಮೆ ಸಣ್ಣ ನಡುಕ.

ಸರ್ವಿಸ್ ಸೆಂಟರಲ್ಲಿ ಕೇಳಿದರೆ ‘ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ’ ಅಂತಾರೆ. ಹೊರಗಿನ ಗ್ಯಾರೇಜಲ್ಲಿ ‘ಮುಂದೆ ಒಂದು ಕೂಲರ್ ಕೂರಿಸಿಬಿಡೋಣ’ ಅಂತಾರೆ. ದಸರಾ ರಜೆಯಲ್ಲಿ ಗುಂಡ್ಲುಪೇಟೆ, ಗೂಡಲೂರು ಮೇಲೆ ಊಟಿಗೆ ಹೋಗಬೇಕು. ಯಾವುದು ಮೊದಲು ಮಾಡಿಸಲಿ?

ಬನ್ನಿಮಂಟಪ_ಸ್ಪ್ಯಾನರ್

ಕೂಲರ್ ಕೊನೆಗೆ. ಮೊದಲು ಆಯಿಲ್ ಮಟ್ಟ, ಆಮೇಲೆ ಆಯಿಲ್, ಆಮೇಲೆ ರೇಡಿಯೇಟರ್ ಮುಂಭಾಗ. ಈ ಮೂರೂ ಸರಿಯಾದ ಮೇಲೂ ಅದೇ ಏರಿನಲ್ಲಿ ಅದೇ ಲೋಡಿಗೆ 110 ದಾಟಿದರೆ ಕೂಲರ್ ಮಾತಾಡೋಣ.

ನಿಮ್ಮ ಅಂಕಿಗಳಲ್ಲಿ ಗಾಬರಿ ಬೀಳುವಂಥದ್ದಿಲ್ಲ. 75–95 ಆರೋಗ್ಯದ ವ್ಯಾಪ್ತಿ. 100–110 ಅರ್ಧ ಗಂಟೆ ಇದ್ದರೆ ಆಯಿಲ್ ಬೇಗ ಹಳತಾಗುತ್ತೆ, ಅಷ್ಟೆ. 120ರ ಆಸುಪಾಸಿನಲ್ಲಿ ಬಹುತೇಕ ಗಾಡಿಗಳು ತಾವೇ ಎಂಜಿನ್ ಶಕ್ತಿ ಕಡಿತ ಮಾಡಿ ಆರ್‌ಪಿಎಂ ಹಿಡಿದುಬಿಡುತ್ತವೆ. ಆಗ ಬರುವ ಕೋಡ್ ಹೆಚ್ಚಾಗಿ ಪಿ0218, ಅಂದರೆ ಗೇರ್‌ಬಾಕ್ಸ್ ಆಯಿಲ್ ಅತಿ ಬಿಸಿ.

ಬೆಟ್ಟದಲ್ಲಿ ಬಿಸಿ ಎಲ್ಲಿಂದ ಬರುತ್ತೆ ಅಂದರೆ, ಮುಖ್ಯವಾಗಿ ಟಾರ್ಕ್ ಕನ್ವರ್ಟರಿನಿಂದ. ಬಸ್ಸಿನ ಹಿಂದೆ 15–20ರಲ್ಲಿ ತೆವಳುವಾಗ ಕನ್ವರ್ಟರ್ ಲಾಕ್ ಆಗಲ್ಲ, ಅಂದರೆ ಎಂಜಿನ್ನೂ ಗೇರ್‌ಬಾಕ್ಸೂ ನೇರವಾಗಿ ಕಚ್ಚಿಕೊಳ್ಳಲ್ಲ. ಒಳಗಿನ ಎರಡು ಚಕ್ರಗಳ ನಡುವೆ ಆಯಿಲ್ ಕಡೆದು ಕಡೆದು ಕಾಯುತ್ತೆ. ಅದರ ಮೇಲೆ ಪುಲ್ಲಿಗಳು ಬೆಲ್ಟನ್ನು ಬಿಗಿಯಾಗಿ ಹಿಸುಕಿ ಹಿಡಿಯಬೇಕು, ಪಂಪು ಹೆಚ್ಚು ಒತ್ತಡ ಕೊಡಬೇಕು, ಅದೂ ಬಿಸಿಯೇ. ಹೈವೇಯಲ್ಲಿ ಲಾಕ್ ಆಗಿರುತ್ತೆ, ಗಾಳಿಯೂ ಚೆನ್ನಾಗಿ ಬರುತ್ತೆ. ಅದಕ್ಕೇ 95ರ ವೇಗದಲ್ಲಿ 82 ಡಿಗ್ರಿ, ಆಮೆ ನಡಿಗೆಯಲ್ಲಿ 111.

ಒಂದು ಸಣ್ಣ ಲೆಕ್ಕ. ನಾಲ್ಕು ಜನರ ಸಮೇತ ಗಾಡಿ ಸುಮಾರು 1,350 ಕೆ.ಜಿ., ಬೆಟ್ಟದ ಏರಿಕೆ ಸುಮಾರು 300 ಮೀಟರ್. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು 40 ಲಕ್ಷ ಜೂಲ್ ಹತ್ತಿರ ಬೇಕು. ಅದರ ಹತ್ತನೇ ಒಂದು ಪಾಲು ಗೇರ್‌ಬಾಕ್ಸಲ್ಲಿ ಬಿಸಿಯಾಗಿ ಹೋಯಿತು ಅನ್ನಿ, 4 ಲಕ್ಷ. ಏಳು ಲೀಟರ್ ಆಯಿಲನ್ನು ಒಂದು ಡಿಗ್ರಿ ಏರಿಸಲು ಸುಮಾರು 12 ಸಾವಿರ ಜೂಲ್ ಸಾಕು. ತಣಿಸುವ ವ್ಯವಸ್ಥೆ ಇಲ್ಲವೇ ಇಲ್ಲ, ಕೇಸಿನ ಲೋಹವೂ ಬಿಸಿ ಹೀರಲಿಲ್ಲ ಅಂದುಕೊಂಡರೆ 33 ಡಿಗ್ರಿ ಏರಿಕೆ. ನಿಮ್ಮದು ಪೇಟೆಯ 95ರಿಂದ 111ಕ್ಕೆ ಏರಿದೆ, ಅದರ ಅರ್ಧ. ಅಂದರೆ ಕಂಪನಿ ಕೊಟ್ಟ ಕೂಲರ್ ಕೆಲಸ ಮಾಡ್ತಿದೆ, ಪೂರ್ತಿ ಕಟ್ಟಿಕೊಂಡಿಲ್ಲ.

‘ಲೈಫ್‌ಟೈಮ್’ ಅನ್ನುವ ಮಾತು ನಂಬಬೇಡಿ. ಯಾರ ಲೈಫು ಅಂತ ಅದರಲ್ಲಿ ಬರೆದಿಲ್ಲ. ಪೇಟೆ ಟ್ರಾಫಿಕ್, ಬೆಟ್ಟ, ಎ.ಸಿ. ಎಲ್ಲ ಇರುವ ನಮ್ಮ ಓಡಾಟಕ್ಕೆ 40,000 ಕಿ.ಮೀ.ಗೆ ಒಮ್ಮೆ ಬದಲಿಸುವುದು ನನ್ನ ಲೆಕ್ಕ. ನೀವು ಹೇಳುವ ಸಣ್ಣ ನಡುಕವೂ ಹೆಚ್ಚಾಗಿ ಹಳೆ ಆಯಿಲಿನದೇ. ಹಗುರ ಆಕ್ಸಿಲರೇಟರಲ್ಲಿ ಲಾಕಪ್ ಕ್ಲಚ್ ಹಿಡಿಯುವ ಗಳಿಗೆಯಲ್ಲಿ ಬರುವ ನಡುಕ ಅದು. ಬೆಲ್ಟ್ ಜಾರುವ ನಡುಕವಾದರೆ ಜೋರಾಗಿ ಒತ್ತಿದಾಗ ಹೆಚ್ಚಾಗುತ್ತೆ, ಆರ್‌ಪಿಎಂ ಏರಿದರೂ ವೇಗ ಏರಲ್ಲ.

ಬದಲಿಸುವ ಕ್ರಮ ಹೇಳ್ತೀನಿ. ನೀವೇ ಮಾಡದಿದ್ದರೂ ಪಕ್ಕದಲ್ಲಿ ನಿಂತು ನೋಡಿ.

ಗಾಡಿ ನಾಲ್ಕೂ ಚಕ್ರ ಸಮತಟ್ಟಾಗಿ ನಿಲ್ಲಬೇಕು. ಪಿಟ್ ಇರಬೇಕು, ಇಲ್ಲ ನಾಲ್ಕೂ ಕಡೆ ಎತ್ತುವ ಲಿಫ್ಟ್ ಇರಬೇಕು. ಮುಂದೆ ಮಾತ್ರ ಜಾಕಿ ಕೊಟ್ಟರೆ ಮಟ್ಟ ತಪ್ಪುತ್ತೆ. ಆಯಿಲ್ ಉಗುರುಬೆಚ್ಚಗೆ, 40ರ ಆಸುಪಾಸು ಇರಲಿ. ಮೊದಲು ತುಂಬುವ ಬೋಲ್ಟ್ ಬಿಚ್ಚಿ, ಅದು ಬಿಟ್ಟ ಮೇಲೇ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಿ. ಉಲ್ಟಾ ಮಾಡಿ, ಆಯಿಲ್ ಎಲ್ಲ ಇಳಿದ ಮೇಲೆ ಮೇಲಿನ ಬೋಲ್ಟ್ ಬಿಡಲೇ ಇಲ್ಲ ಅಂದರೆ ಗಾಡಿ ಪಿಟ್ಟಿನ ಮೇಲೇ ಗೂಟ. ಹೊರಬಂದ ಆಯಿಲನ್ನು ಅಳತೆ ಗೆರೆ ಇರುವ ಜಗ್ಗಿನಲ್ಲಿ ಅಳೆಯಿರಿ. ಸಣ್ಣ ಗಾಡಿಗಳಲ್ಲಿ ಮೂರೂವರೆ ಲೀಟರ್ ಅತ್ತಿತ್ತ ಬರುತ್ತೆ. ಮಿಕ್ಕ ಅರ್ಧ ಕನ್ವರ್ಟರ್, ವಾಲ್ವ್ ಬಾಡಿ, ಕೂಲರ್ ಒಳಗೆ ಉಳಿದಿರುತ್ತೆ.

ಹಾಗಾಗಿ ಒಂದು ಸಲ ಇಳಿಸಿ ತುಂಬಿದರೆ ಅರ್ಧ ಹೊಸದು. ಎರಡನೇ ಸಲಕ್ಕೆ ಮುಕ್ಕಾಲು ಪಾಲು, ಮೂರನೇ ಸಲಕ್ಕೆ ಶೇ. 87. ಮೊದಲ ಸಲ ಆದ ಮೇಲೆ 500–1,000 ಕಿ.ಮೀ. ಓಡಿಸಿ ಎರಡನೇ ಸಲ ಮಾಡಿ, ಸಾಕು. ಮಷಿನ್ ಹಾಕಿ ಒತ್ತಡದಲ್ಲಿ ಫ್ಲಷ್ ಮಾಡಿಸಬೇಡಿ. ತಳದಲ್ಲಿ ಕೂತ ಕೊಳೆ ಎದ್ದು ಸೊಲೆನಾಯ್ಡಿನ (ವಿದ್ಯುತ್ ವಾಲ್ವಿನ) ಸಣ್ಣ ಜಾಲರಿಗೆ ಸೇರಿಕೊಂಡರೆ ಬೇರೆ ಕಥೆ ಶುರುವಾಗುತ್ತೆ.

ಚೇಂಬರ್ (ತಳದ ಆಯಿಲ್ ತಟ್ಟೆ) ಬಿಚ್ಚುವ ವಿನ್ಯಾಸವಾದರೆ ಒಂದು ಸಲ ಬಿಚ್ಚಿಸಿ. ಒಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಕೆಸರು ಇರುತ್ತೆ, ಬೆರಳಲ್ಲಿ ತಿಕ್ಕಿದರೆ ವಿಭೂತಿ ಹಾಗೆ. ಅದು ಸಹಜ. ಬೆರಳಿಗೆ ಚುಚ್ಚುವ, ಬಿಸಿಲಿಗೆ ಹಿಡಿದರೆ ಮಿಂಚುವ ಚೂರು ಸಿಕ್ಕರೆ ಬೆಲ್ಟ್, ಪುಲ್ಲಿ ಇಲ್ಲವೇ ಬೇರಿಂಗ್ ಸವೆಯುತ್ತಿದೆ ಅಂತ ಅರ್ಥ. ಆಗ ಹೊಸ ಆಯಿಲಿಗೆ ದುಡ್ಡು ಸುರಿಯಬೇಡಿ. ಮ್ಯಾಗ್ನೆಟ್ ಒರೆಸಲು ದಾರ ಬಿಡುವ ವೇಸ್ಟ್ ಬಟ್ಟೆ ಬೇಡ. ಚೇಂಬರ್ ಬೋಲ್ಟುಗಳು ಚಿಕ್ಕವು, ಅಡ್ಡಾದಿಡ್ಡಿ ಕ್ರಮದಲ್ಲಿ ಹಗುರವಾಗಿ ಬಿಗಿಸಬೇಕು. ಅಲ್ಯೂಮಿನಿಯಂ ಥ್ರೆಡ್, ತೋಳ್ಬಲ ತೋರಿಸಿದರೆ ಹೋಯಿತು. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಕಡ್ಡಾಯ. ಬಿಗಿ ಎಷ್ಟು ಅನ್ನುವುದು ಆಯಾ ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತೆ, ಹೋಂಡಾದಲ್ಲಿ 49 ನ್ಯೂಟನ್ ಮೀಟರ್.

ಎಷ್ಟು ಹೊರಬಂತೋ ಅಷ್ಟೇ ತುಂಬಿ, ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು ಲಿವರನ್ನು ಪಿ, ಆರ್, ಎನ್, ಡಿ, ಎಲ್ ಒಂದೊಂದರಲ್ಲಿ ಐದೈದು ಸೆಕೆಂಡ್ ನಿಲ್ಲಿಸಿ ವಾಪಸ್ ಪಿಗೆ ತನ್ನಿ. ಮಟ್ಟ ನೋಡುವ ರೀತಿ ಕಂಪನಿಗೊಂದು ಥರ. ಡಿಪ್‌ಸ್ಟಿಕ್ ಇಲ್ಲದೆ ಓವರ್‌ಫ್ಲೋ ಬೋಲ್ಟ್ ಇರುವ ನಿಸ್ಸಾನ್ ಬಗೆಯ ಗೇರ್‌ಬಾಕ್ಸಲ್ಲಿ ಆಯಿಲ್ 35–45 ಡಿಗ್ರಿ ಇರುವಾಗ, ಎಂಜಿನ್ ಓಡುತ್ತಿರುವಂತೆಯೇ ಬೋಲ್ಟ್ ತೆಗೆಯಬೇಕು. ಸಣ್ಣ ಧಾರೆಯಾಗಿ ಬಂದದ್ದು ತೊಟ್ಟಿಕ್ಕುವ ಹಂತಕ್ಕೆ ಇಳಿದಾಗ ಮುಚ್ಚಬೇಕು. ಏನೂ ಬರದಿದ್ದರೆ ಕಡಿಮೆ ಇದೆ ಅಂತ.

ಈ ಡಿಗ್ರಿಯ ಮೇಲೆ ಯಾಕಿಷ್ಟು ಹಟ ಅಂದರೆ, ಏಳು ಲೀಟರ್ ಆಯಿಲ್ 40ರಿಂದ 90 ಡಿಗ್ರಿಗೆ ಹೋದರೆ ಸುಮಾರು ಕಾಲು ಲೀಟರ್ ಹಿಗ್ಗುತ್ತೆ. ಬಿಸಿಯಲ್ಲಿ ಮಟ್ಟ ಮಾಡಿದರೆ ಅಷ್ಟು ಕಡಿಮೆ ಬೀಳುತ್ತೆ. ಕಡಿಮೆಯಾದರೆ ತಿರುವಿನಲ್ಲಿ, ಏರಿನಲ್ಲಿ ಪಂಪು ಗಾಳಿ ಎಳೆಯುತ್ತೆ. ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ. ಎರಡರಲ್ಲೂ ಗಾಳಿ ಬೆರೆತ ಆಯಿಲ್ ಒತ್ತಡ ಹಿಡಿಯಲ್ಲ, ಬೆಲ್ಟ್ ಜಾರುತ್ತೆ, ಬಿಸಿ ಏರುತ್ತೆ. ಕೂಲರ್ ಬೇಕು ಅಂತ ಬರುವ ಗಾಡಿಗಳಲ್ಲಿ ನಿಜಕ್ಕೂ ಬೇಕಾಗಿರುವುದು ಎಷ್ಟೋ ಸಲ ಮಟ್ಟ ಸರಿ ಮಾಡುವುದು.

ಹೆಬ್ಬಾಳ್_ವರ್ಕ್‌ಬೆಂಚ್

ಸ್ಪ್ಯಾನರ್ ಅವರು ಹೇಳಿದ ಕ್ರಮಕ್ಕೆ ನನ್ನದೂ ಒಪ್ಪಿಗೆ. ಆದರೆ ವರ್ಷಕ್ಕೆ ನಾಲ್ಕೈದು ಸಲ ಊಟಿ, ಮಡಿಕೇರಿ ಅಂತ ತುಂಬಿದ ಗಾಡಿ ಹತ್ತಿಸುವವರಿಗೆ ಕೂಲರ್ ವ್ಯರ್ಥ ಅನ್ನಲ್ಲ. ಕಂಪನಿ ಕೊಡುವ ಕೂಲರ್ ಅಂದರೆ ಎಂಜಿನ್ ಕೂಲಂಟ್ ಹರಿಯುವ ಸಣ್ಣ ಹೀಟ್ ಎಕ್ಸ್‌ಚೇಂಜರ್. ಬೆಳಗ್ಗೆ ಅದು ಆಯಿಲನ್ನು ಬಿಸಿ ಮಾಡುತ್ತೆ, ಮಧ್ಯಾಹ್ನ ತಣಿಸುತ್ತೆ. ಕೂಲಂಟೇ 98 ಇದ್ದರೆ ಆ ಎಕ್ಸ್‌ಚೇಂಜರ್ ಆಯಿಲನ್ನು ಅದಕ್ಕಿಂತ ಕೆಳಗೆ ಇಳಿಸಲಾರದು. ಮುಂದೆ ಗಾಳಿಗೆ ಒಡ್ಡಿದ ಕೂಲರ್ ಈ ಮಿತಿ ಮುರಿಯುತ್ತೆ.

ಹಾಕಿಸುವುದಾದರೆ ತಟ್ಟೆ ಜೋಡಿಸಿದ ಮಾದರಿಯದು ತಗೊಳ್ಳಿ. ಹಾವಿನ ಹಾಗೆ ಸುತ್ತಿದ ಕೊಳವೆಯದಕ್ಕಿಂತ ಅದೇ ಅಳತೆಯಲ್ಲಿ ಹೆಚ್ಚು ತಣಿಸುತ್ತೆ. ಆಯಿಲಿನ ದಾರಿ ಹೀಗಿರಲಿ: ಗೇರ್‌ಬಾಕ್ಸಿನಿಂದ ಮೊದಲು ಕಂಪನಿಯ ಎಕ್ಸ್‌ಚೇಂಜರ್, ಅಲ್ಲಿಂದ ಹೊಸ ಕೂಲರ್, ಅಲ್ಲಿಂದ ವಾಪಸ್. ಕಂಪನಿಯದನ್ನು ಕಿತ್ತು ಬದಿಗಿಡಬೇಡಿ. ನಡುವೆ 80 ಡಿಗ್ರಿ ಸುಮಾರಿಗೆ ತೆರೆಯುವ ಥರ್ಮೋಸ್ಟಾಟ್ ಬೈಪಾಸ್ ಇರಲೇಬೇಕು. ಅದಿಲ್ಲದಿದ್ದರೆ ಜನವರಿ ಬೆಳಗ್ಗೆ ಹೈವೇಯಲ್ಲಿ ಆಯಿಲ್ 55–60ರಲ್ಲೇ ಕೂರುತ್ತೆ. ಆಯಿಲ್ ತಣ್ಣಗಿರುವಾಗ ಕಂಪ್ಯೂಟರ್ ಲಾಕಪ್ ತಡ ಮಾಡುತ್ತೆ, ಮೈಲೇಜ್ ಬೀಳುತ್ತೆ. ಅತಿ ತಂಪೂ ಒಳ್ಳೇದಲ್ಲ.

ಹೋಸು ವಿಷಯದಲ್ಲಿ ರಾಜಿ ಬೇಡ. ಗೇರ್‌ಬಾಕ್ಸ್ ಕೂಲರಿಗೆಂದೇ ಮಾಡಿದ, ಎಸ್‌ಎಇ ಜೆ1532 ಅಂತ ಮೈಮೇಲೆ ಅಚ್ಚಿರುವ ಹೋಸೇ ಆಗಬೇಕು. ಪೆಟ್ರೋಲ್ ಪೈಪು, ರೇಡಿಯೇಟರ್ ಪೈಪು ಬಿಸಿ ಆಯಿಲಿಗೆ ಉಬ್ಬಿ ಮೆತ್ತಗಾಗುತ್ತವೆ. ಕ್ಲಾಂಪು ಅಂಚು ಮಡಿಚಿದ ಸುತ್ತುಪಟ್ಟಿ ಮಾದರಿ. ತೂತು ತೂತಿನ ಸ್ಕ್ರೂ ಪಟ್ಟಿ ಹೋಸಿನ ಮೈ ಕೊಯ್ಯುತ್ತೆ. ಕೂಲರನ್ನು ಎ.ಸಿ. ಕಂಡೆನ್ಸರಿಗೆ ಪ್ಲಾಸ್ಟಿಕ್ ಟ್ಯಾಗ್ ಚುಚ್ಚಿ ಕಟ್ಟುವವರಿದ್ದಾರೆ. ಆರು ತಿಂಗಳು ಉಜ್ಜಿ ಉಜ್ಜಿ ಕಂಡೆನ್ಸರ್ ತೂತಾಗಿ ಎ.ಸಿ. ಗ್ಯಾಸೂ ಹೋಗುತ್ತೆ. ಬಂಪರ್ ಒಳಗಿನ ಅಡ್ಡಪಟ್ಟಿಗೆ ಬ್ರಾಕೆಟ್ ಮಾಡಿಸಿ, ರಬ್ಬರ್ ಬುಷ್ ಕೊಟ್ಟು, ಕಂಡೆನ್ಸರಿನಿಂದ ಒಂದು ಬೆರಳು ಅಂತರ ಬಿಡಿ.

ಕೂಲರ್, ಹೋಸು ಸೇರಿ 300 ಮಿ.ಲೀ. ಹತ್ತಿರ ಹೆಚ್ಚು ಆಯಿಲ್ ಹಿಡಿಯುತ್ತೆ. 20 ಕಿ.ಮೀ. ಓಡಿಸಿ, ತಣಿಸಿ, ಮತ್ತೆ ಮಟ್ಟ ನೋಡಲೇಬೇಕು. ವಾರಂಟಿ ಉಳಿದಿದ್ದರೆ ಮೊದಲು ಅದರ ಷರತ್ತು ಓದಿಕೊಳ್ಳಿ.

ಮಂಡ್ಯ_ಹ್ಯಾಚ್‌ಬ್ಯಾಕ್

ಇಬ್ಬರಿಗೂ ಧನ್ಯವಾದ ಸರ್. ಕೆಳಗೆ ಬಗ್ಗಿ ನೋಡಿದೆ, ಎಕ್ಸ್‌ಚೇಂಜರ್ ಗೇರ್‌ಬಾಕ್ಸ್ ಮೈಗೇ ಬೋಲ್ಟ್ ಆಗಿದೆ. ಆಯಿಲ್ ಪೈಪೇ ಇಲ್ಲ, ಕೂಲಂಟ್ ಪೈಪು ಎರಡು ಮಾತ್ರ ಬಂದಿವೆ. ಹಾಗಿದ್ದರೆ ಕೂಲರಿಗೆ ಆಯಿಲ್ ಎಲ್ಲಿಂದ ತೆಗೆಯೋದು? ಮತ್ತೆ ಅಂಗಡಿಯಲ್ಲಿ ‘ಎಲ್ಲ ಸಿವಿಟಿಗೂ ಆಗುತ್ತೆ’ ಅನ್ನುವ ಡಬ್ಬಿ ಕೊಡ್ತಿದ್ದಾರೆ, ತಗೊಳ್ಳಬಹುದಾ?

ಹೆಬ್ಬಾಳ್_ವರ್ಕ್‌ಬೆಂಚ್

ಆ ವಿನ್ಯಾಸದಲ್ಲಿ ಎಕ್ಸ್‌ಚೇಂಜರ್ ಮತ್ತು ಕೇಸಿನ ನಡುವೆ ಅಡಾಪ್ಟರ್ ಪ್ಲೇಟ್ ಕೂರಿಸಿ ಆಯಿಲ್ ಹೊರಗೆ ತರಬೇಕು. ನಿಮ್ಮ ಗೇರ್‌ಬಾಕ್ಸ್ ಮಾದರಿಗೇ ಮಾಡಿದ್ದು ಸಿಕ್ಕರೆ ಸರಿ. ಲೇತಿನಲ್ಲಿ ಅಂದಾಜಿಗೆ ಕಡೆಸಿದ ಪ್ಲೇಟಾದರೆ ಬೇಡ. ಓ-ರಿಂಗ್ ಕೂರುವ ಕಾಲುವೆಯ ಆಳ ಕೂದಲೆಳೆ ತಪ್ಪಿದರೂ ಆಯಿಲ್ ಸೋರುತ್ತೆ. ಹೈವೇಯಲ್ಲಿ ಸೋರಿದ್ದು ಗೊತ್ತಾಗುವಷ್ಟರಲ್ಲಿ ಬೆಲ್ಟ್ ಮುಗಿದಿರುತ್ತೆ. ನಿಮ್ಮ ಗಾಡಿಗೆ ಕೂಲರ್ ಬೇಡ ಅನ್ನುವ ಕಡೆಗೇ ನಾನೂ ಈಗ.

ಬನ್ನಿಮಂಟಪ_ಸ್ಪ್ಯಾನರ್

ಎಲ್ಲಕ್ಕೂ ಆಗುವ ಡಬ್ಬಿ ಬೇಡ. ಸಿವಿಟಿ ಆಯಿಲಿನ ಕೆಲಸ ಬರೀ ಜಾರಿಸುವುದಲ್ಲ. ಉಕ್ಕಿನ ಬೆಲ್ಟು ಉಕ್ಕಿನ ಪುಲ್ಲಿಯ ಮೇಲೆ ಜಾರದಂತೆ ಹಿಡಿತವನ್ನೂ ಅದೇ ಕೊಡಬೇಕು. ಆ ಹಿಡಿತದ ಲೆಕ್ಕ ಗೇರ್‌ಬಾಕ್ಸ್ ತಯಾರಿಸಿದವರದು. ನಿಸ್ಸಾನ್ ಸಿವಿಟಿಗಳಲ್ಲಿ ಹಳೆಯವಕ್ಕೆ ಎನ್‌ಎಸ್-2, ಹೊಸವಕ್ಕೆ ಎನ್‌ಎಸ್-3. ಹೋಂಡಾದ ಈಗಿನ ಸಿವಿಟಿಗೆ ಎಚ್‌ಸಿಎಫ್-2, ಅದನ್ನು ಅವರದೇ ಹಳೆ ತಲೆಮಾರಿನ ಸಿವಿಟಿಗೆ ಹಾಕುವಂತಿಲ್ಲ. ಹ್ಯುಂಡೈ ಸಿವಿಟಿಗೆ (ಅವರು ಐವಿಟಿ ಅಂತಾರೆ) ಎಸ್‌ಪಿ-ಸಿವಿಟಿ1. ಟೊಯೋಟಾದ ಹೊಸವಕ್ಕೆ ಎಫ್‌ಇ. ಮಾಮೂಲಿ ಆಟೊಮ್ಯಾಟಿಕ್ ಗೇರ್ ಆಯಿಲನ್ನಂತೂ ಒಂದು ಚಮಚವೂ ಸೇರಿಸಬೇಡಿ. ಓನರ್ಸ್ ಮ್ಯಾನುಯಲ್ ಕೊನೆಯ ಪುಟಗಳಲ್ಲಿ ಹೆಸರು ಬರೆದಿರುತ್ತೆ, ಅದೇ ಹೆಸರಿನ ಡಬ್ಬಿ, ಸೀಲ್ ಒಡೆಯದ್ದು.

ನಿಸ್ಸಾನ್ ಬಗೆಯದಾದರೆ ಇನ್ನೊಂದು. ಬಿಸಿಯ ಲೆಕ್ಕ ಹಿಡಿದು ಆಯಿಲ್ ಎಷ್ಟು ಹಳತಾಯಿತು ಅನ್ನುವ ಒಂದು ಅಂಕಿಯನ್ನು ಕಂಪ್ಯೂಟರ್ ಇಟ್ಟುಕೊಂಡಿರುತ್ತೆ. ಬದಲಿಸಿದ ಮೇಲೆ ಸ್ಕ್ಯಾನರಲ್ಲಿ ಅದನ್ನು ಸೊನ್ನೆ ಮಾಡಿಸಿ.

ನಾಲೆ_ಏರಿ

ಅಣ್ಣಾ, ಮಂಡ್ಯ ಕಡೆಯ ಗಾಡಿ ಅಂದ್ರಿ, ಒಂದು ಮಾತು ಎಲ್ಲರೂ ಮರೆತವ್ರೆ. ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹಾಕಿರ್ತಾರಲ್ಲ, ಅದರ ಮೇಲೆ ಹತ್ತಿಸಿದ್ದೀರಾ? ಹುರುಳಿ ಸೊಪ್ಪು ಡ್ರೈವ್‌ಶಾಫ್ಟಿಗೆ ಹಗ್ಗ ಹೊಸೆದಂಗೆ ಸುತ್ಕತದೆ. ಸೈಲೆನ್ಸರ್ ಬಿಸಿ ತಾಗಿದ್ರೆ ಬೆಂಕಿನೇ ಹತ್ತದು. ಸುತ್ತಿದ್ದು ಬಿಡಿಸದೇ ಓಡಿಸಿದ್ರೆ ಶಾಫ್ಟಿನ ಆಯಿಲ್ ಸೀಲ್ ಕಿತ್ತು ಗೇರ್‌ಬಾಕ್ಸ್ ಆಯಿಲ್ ಹನಿ ಹನಿ ಹೋಯ್ತದೆ. ಮಟ್ಟ ಕಡಿಮೆ ಬಂದ್ರೆ ಮೊದಲು ಎರಡೂ ಕಡೆ ಶಾಫ್ಟ್ ಸೀಲ್ ನೋಡಿ.

ಕಬ್ಬು ಕಟಾವಿನ ಕಾಲದಲ್ಲಿ ಗಾಡಿ ಹಿಂದೆ ಹೋದ್ರೆ ಒಣಗಿದ ತರಗು, ಧೂಳು ಎಲ್ಲಾ ಕಂಡೆನ್ಸರ್ ಮತ್ತೆ ರೇಡಿಯೇಟರ್ ಮಧ್ಯೆ ಹೋಗಿ ಕೂತಿರ್ತದೆ. ಮುಂದಿಂದ ನೋಡಿದ್ರೆ ಫಳಫಳ ಕಾಣ್ತದೆ, ಎರಡರ ಸಂದಿಗೆ ಟಾರ್ಚ್ ಬಿಟ್ರೆ ಕಂಬಳಿ ಹೊದ್ದಂಗೆ ಇರ್ತದೆ. ವಾಟರ್ ವಾಶಲ್ಲಿ ಗನ್ ಹತ್ರ ಹಿಡಿದು ಹೊಡೆಸಬ್ಯಾಡಿ, ಫಿನ್ ಮಲಗ್ಬಿಡ್ತವೆ. ಮನೆ ಪೈಪಿನ ನೀರು, ಹಿಂದಿಂದ ಮುಂದಕ್ಕೆ, ನಿಧಾನಕ್ಕೆ.

ಇನ್ನು ಕೂಲಂಟು. ಬೋರ್ ನೀರು ಹುಯ್ಯಲೇಬ್ಯಾಡಿ. ನಮ್ಮ ಕಡೆ ಬೋರ್ ನೀರು ಗಡಸು, ಪಾತ್ರೆ ತಳದಲ್ಲಿ ಬಿಳಿ ಕರೆ ಕಟ್ಟೋದು ನೋಡಿಲ್ವಾ. ಆ ಎಕ್ಸ್‌ಚೇಂಜರ್ ಒಳಗಿನ ಸಣ್ಣ ದಾರೀಲೂ ಅದೇ ಕರೆ ಕಟ್ತದೆ. ರೆಡಿ ಮಿಕ್ಸ್ ಕೂಲಂಟ್ ತಗೊಳ್ಳಿ, ಇಲ್ಲಾ ಬ್ಯಾಟರಿ ಅಂಗಡೀಲಿ ಸಿಗೋ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ.

ಬನ್ನಿಮಂಟಪ_ಸ್ಪ್ಯಾನರ್

ನಾಲೆ ಏರಿ ಅವರ ಮಾತಿಗೆ ಇಷ್ಟು ಸೇರಿಸ್ತೀನಿ: ಇಳಿಸಿದ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದ್ದರೆ ಎಕ್ಸ್‌ಚೇಂಜರ್ ಒಳಗೆ ಒಡೆದು ಕೂಲಂಟ್ ಬೆರೆತಿದೆ. ಮತ್ತೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಕ್ಲಚ್ ಪ್ಲೇಟಿನ ಅಂಟು ನೀರಿಗೆ ಬಿಡುತ್ತೆ.

ಮಂಡ್ಯ_ಹ್ಯಾಚ್‌ಬ್ಯಾಕ್

ಪಿಟ್ ಮೇಲೆ ಹಾಕಿಸಿದೆ. ಮೊದಲು 41 ಡಿಗ್ರಿಯಲ್ಲಿ ಓವರ್‌ಫ್ಲೋ ಬೋಲ್ಟ್ ತೆಗೆದಾಗ ಒಂದು ಹನಿಯೂ ಬರಲಿಲ್ಲ. ಇಳಿಸಿದ್ದು 3.1 ಲೀಟರ್, ಮಟ್ಟಕ್ಕೆ ಬರಲು ಹಿಡಿದದ್ದು 3.5. ಬಣ್ಣ ಕಪ್ಪು ಬೆಲ್ಲದ ಪಾಕದ ಹಾಗೆ, ಸುಟ್ಟ ವಾಸನೆ ಇಲ್ಲ, ಮ್ಯಾಗ್ನೆಟ್ ಮೇಲೆ ನುಣುಪು ಕೆಸರು ಮಾತ್ರ. ಎಡಗಡೆ ಶಾಫ್ಟ್ ಸೀಲ್ ಒದ್ದೆ ಇತ್ತು, ಹೊಸದು ಹಾಕಿಸಿದೆ. ರೇಡಿಯೇಟರ್ ಸಂದಿಯಿಂದ ಒಂದು ಹಿಡಿ ತರಗು ಬಂತು! ಅದೇ ನಾಲ್ಕು ಜನ, ಎ.ಸಿ. ಹಾಕಿಕೊಂಡು ಬೆಟ್ಟಕ್ಕೆ 101. ಈ ಸಲ ಮುಂದೆ ಬಸ್ಸು ಇರಲಿಲ್ಲ. ಊಟಿಗೆ ಓಡಿಸುವ ರೀತಿ ಹೇಳಿ, ಅಲ್ಲಿಗೆ ಸಾಕು.

ಬನ್ನಿಮಂಟಪ_ಸ್ಪ್ಯಾನರ್

ಬಸ್ಸಿಲ್ಲದ ಕಾರಣ ನಾಲ್ಕೈದು ಡಿಗ್ರಿ ಬಿಟ್ಟರೂ ಉಳಿದದ್ದು ಮಟ್ಟ ಮತ್ತು ತರಗಿನದೇ. ಎರಡನೇ ಸಲ ಆಯಿಲ್ ಇಳಿಸುವಾಗ ಆ ಸೀಲ್ ಒಣಗಿದೆಯಾ ಬೆರಳಾಡಿಸಿ ನೋಡಿ.

ಗೂಡಲೂರಿನಿಂದ ಊಟಿಗೆ 50 ಕಿ.ಮೀ., ಬಹುಪಾಲು ಏರು. ನಿಮ್ಮ ಬೆಟ್ಟಕ್ಕಿಂತ ಹೊತ್ತು ಹೆಚ್ಚು. ಏರು ಶುರುವಾಗುವ ಮೊದಲೇ ಎಲ್ ಇಲ್ಲವೇ ಎಸ್‌ಗೆ ಹಾಕಿ. ಎಂಜಿನ್ 3,000ದ ಮೇಲೆ ಕೂಗಲಿ, ಬಿಡಿ. ಪಂಪು ಜೋರಾಗಿ ತಿರುಗಿ ಕೂಲರಿಗೆ ಹೆಚ್ಚು ಆಯಿಲ್ ಹೋಗುತ್ತೆ. ಮುಂದಿನ ಲಾರಿಯ ಬಾಲ ಹಿಡಿದು 10–15ರಲ್ಲಿ ತೆವಳಬೇಡಿ. ಸ್ವಲ್ಪ ಅಂತರ ಬಿಟ್ಟು 25–30ರಲ್ಲಿ ಹೋದರೆ ಲಾಕಪ್ ಹಿಡಿಯುವ ಅವಕಾಶ ಇರುತ್ತೆ. ಏರಿನಲ್ಲಿ ನಿಂತಾಗ ಆಕ್ಸಿಲರೇಟರಲ್ಲಿ ಗಾಡಿ ಹಿಡಿದು ನಿಲ್ಲಿಸುವ ಚಾಳಿ ಇದ್ದರೆ ಇವತ್ತೇ ಬಿಡಿ, ಬ್ರೇಕ್ ಇರುವುದು ಅದಕ್ಕೆ. ಟ್ರಾಫಿಕಲ್ಲಿ ಹತ್ತು ಸೆಕೆಂಡಿಗೊಮ್ಮೆ ಎನ್, ಡಿ ಆಡಿಸುವುದೂ ಬೇಡ, ಗಾಡಿಯನ್ನು ಮುಂದಕ್ಕೆ ಓಡಿಸುವ ಕ್ಲಚ್ ಸವೆಯುತ್ತೆ. 105 ಕಂಡರೆ ಎ.ಸಿ. ಆಫ್. 112 ದಾಟಿದರೆ ಬದಿಗೆ ನಿಲ್ಲಿಸಿ, ಪಿಯಲ್ಲಿ ಹಾಕಿ, ಎಂಜಿನ್ ಆರಿಸದೆ ಬಿಡಿ. ಎಂಜಿನ್ ಓಡುತ್ತಿದ್ದರೇ ಪಂಪೂ ಕೂಲಂಟೂ ಹರಿಯುವುದು, ಕೂಡಲೇ ಆರಿಸಿದರೆ ಬಿಸಿ ಒಳಗೇ ಕೂರುತ್ತೆ.

ಹೆಬ್ಬಾಳ್_ವರ್ಕ್‌ಬೆಂಚ್

ದಾರಿಯಲ್ಲಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಪಂಪು ಓಡಲ್ಲ, ಮುಂದಿನ ಚಕ್ರ ತಿರುಗಿದಷ್ಟೂ ಒಳಗೆ ಒಣಗಿ ತಿಕ್ಕುತ್ತೆ. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ಡೇ ಕರೆಸಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ರಸ್ತೆ ಮುಚ್ಚಿರುತ್ತೆ, ಆ ಹೊತ್ತಲ್ಲಿ ಆಚೆ ಕಡೆಯಿಂದ ಮೈಸೂರಿನ ಫ್ಲಾಟ್‌ಬೆಡ್ ಬರುತ್ತೆ ಅಂತ ಕಾಯಬೇಡಿ.